ಮುನ್ನೂರ ಅರವತ್ತೈದು ದಿನದ ಕುಕೀ

ನೀರು ಸರಬರಾಜು ಕಚೇರಿಯ ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸ ಗುಮಾಸ್ತನ ಪಾಲಿಗೆ ಬಂದದ್ದು ಅವನ ಯೋಗ್ಯತೆಯಿಂದಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಕೆಟ್ಟು ನಿಂತಿದ್ದ ಪ್ರಿಂಟರಿನ ಬೆನ್ನಿಗೆ ಅವನು ಒಂದು ಏಟು ಹಾಕಿದ. ಅದು ನಡೆಯಿತು. ಅಂದಿನಿಂದ ವೈರು ಇರುವ ವಸ್ತುಗಳೆಲ್ಲ ಅವನ ಮೇಜಿಗೆ ಬರತೊಡಗಿದವು. ಏಟು ಹಾಕಿದರೂ ಸರಿಹೋಗದ ವಸ್ತುಗಳು ಲೋಕದಲ್ಲಿವೆ ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅವನ ನೌಕರಿ ಇನ್ನೂ ಪ್ರೊಬೇಷನ್ನಿನಲ್ಲಿತ್ತು.

ಎರಡು ವರ್ಷದ ಆ ಅವಧಿ ಮುಗಿಯುವುದು ಈ ಶನಿವಾರ. ಖಾಯಂ ಮಾಡುವ ಆದೇಶ ಟೈಪಾಗಿ ಎಂಜಿನಿಯರ್ ಸಾಹೇಬರ ಮೇಜಿನ ಎಡಗಡೆಯ ಟ್ರೇಯಲ್ಲಿ ಮಲಗಿತ್ತು. ಶನಿವಾರ ಸಂಜೆ ಐದರೊಳಗೆ ಸಹಿ ಬಿದ್ದರೆ ಅವನು ಖಾಯಂ. ಬೀಳದಿದ್ದರೆ ಸೋಮವಾರ ಅವನ ಕುರ್ಚಿಯಲ್ಲಿ ಬೇರೊಬ್ಬ ಕೂರುತ್ತಾನೆ, ಅವನು ಮನೆಯಲ್ಲಿ ಕೂರುತ್ತಾನೆ. ಆ ಮನೆ ಮಾವನದು. ಗುಮಾಸ್ತ ಮತ್ತು ಅವನ ಹೆಂಡತಿ ಇದ್ದದ್ದು ಮಹಡಿಯ ಒಂದು ಕೋಣೆಯಲ್ಲಿ, ಕೆಳಗೆ ಮಾವ. ನಿವೃತ್ತ ಸ್ಟೇಷನ್ ಮಾಸ್ತರರಾದ ಮಾವ ಅಳಿಯನನ್ನು ಎಂದೂ ಬೈದವರಲ್ಲ. "ಅಳಿಯಂದಿರು" ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಆ ಬಹುವಚನ ಕೇಳಿದವರು ಬೈಗುಳವೇ ವಾಸಿ ಅನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಎಂಜಿನಿಯರ್ ಸಾಹೇಬರು ಗುಮಾಸ್ತನನ್ನು ಕರೆಸಿದರು. ಅವರ ತಕರಾರು ಇಷ್ಟೇ: ವೆಬ್‌ಸೈಟಿಗೆ ನೋಟೀಸು ಹಾಕಲು ಹೋದಾಗಲೆಲ್ಲ ಆ ಸಾಫ್ಟ್‌ವೇರು ಅವರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬ್ರೌಸರ್ ಮುಚ್ಚಿ ಚಹಾ ಕುಡಿದು ಬಂದರೆ ಮತ್ತೆ ಕೇಳುತ್ತದೆ. ಇಪ್ಪತ್ತಾರು ವರ್ಷ ಸರ್ವೀಸಾದ ಅಧಿಕಾರಿಯನ್ನು ದಿನಕ್ಕೆ ಆರು ಸಲ ನೀನು ಯಾರು ಎಂದು ಕೇಳುವುದು ಯಾವ ಮರ್ಯಾದೆ ಎಂಬುದು ಅವರ ಪ್ರಶ್ನೆ.

"ನೋಡಯ್ಯಾ, ನಾಳೆಯಿಂದ ಅದು ನನ್ನನ್ನ ಏನೂ ಕೇಳಬಾರದು. ಇಲ್ಲೂ ಕೇಳಬಾರದು, ಮನೇಲಿ ನನ್ನ ಟ್ಯಾಬ್ಲೆಟ್‌ನಲ್ಲೂ ಕೇಳಬಾರದು," ಎಂದರು. ಎಡಗಡೆಯ ಟ್ರೇಯ ಮೇಲೆ ಸುಮ್ಮನೆ ಒಮ್ಮೆ ಕೈಯಿಟ್ಟರು. ಆಮೇಲೆ ಒಂದು ಚೀಟಿಯಲ್ಲಿ ತಮ್ಮ ಪಾಸ್‌ವರ್ಡ್ ಬರೆದುಕೊಟ್ಟರು. ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು ಎಂಬ ಸುತ್ತೋಲೆ ಅವರ ಹಿಂದಿನ ಗೋಡೆಯ ಮೇಲೆ ಅವರದೇ ಸಹಿಯೊಂದಿಗೆ ಅಂಟಿಕೊಂಡಿತ್ತು.

ಗುಮಾಸ್ತ ಸಾಫ್ಟ್‌ವೇರಿನ ಕೈಪಿಡಿ ತೆಗೆದ. ಅದರಲ್ಲಿ ವಿಷಯ ಸರಳವಾಗಿಯೇ ಇತ್ತು. ಒಬ್ಬರು ಲಾಗಿನ್ ಆದರೆ ಅವರ ಬ್ರೌಸರಿಗೆ ಕುಕೀ ಎಂಬ ಗುರುತಿನ ಚೀಟಿಯೊಂದು ಸಿಗುತ್ತದೆ. ಅದು ಸೆಷನ್ ಕುಕೀ ಆದರೆ ಬ್ರೌಸರ್ ಮುಚ್ಚಿದ ಕೂಡಲೇ ಸತ್ತುಹೋಗುತ್ತದೆ. ಪರ್ಸಿಸ್ಟೆಂಟ್ ಕುಕೀ ಆದರೆ ಮುಚ್ಚಿದರೂ ತೆರೆದರೂ ಹೇಳಿದಷ್ಟು ದಿನ ಬದುಕಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ಬಟನ್. ಪಕ್ಕದಲ್ಲಿ ಎಷ್ಟು ದಿನ ಎಂದು ತುಂಬುವ ಒಂದು ಚೌಕ. ಗುಮಾಸ್ತ ಎರಡನೆಯ ಬಟನ್ ಒತ್ತಿದ. ಚೌಕದಲ್ಲಿ ಹದಿನಾಲ್ಕು ಎಂದಿತ್ತು. ಸಾಹೇಬರನ್ನು ಹದಿನೈದನೆಯ ದಿನ ಮತ್ತೆ ನೀನು ಯಾರು ಎಂದು ಕೇಳಿದರೆ ಏನು ಗತಿ ಎಂದು ಮುನ್ನೂರ ಅರವತ್ತೈದು ಎಂದು ಬರೆದ.

ಪರೀಕ್ಷೆ ಮಾಡದೆ ಒಪ್ಪಿಸುವವನಲ್ಲ ಅವನು. ಕಚೇರಿಯ ಕಂಪ್ಯೂಟರಿನಲ್ಲಿ ನೋಡಿದ್ದಾಯಿತು. ಸಾಹೇಬರ ಮನೆಯಲ್ಲಿರುವುದು ಟ್ಯಾಬ್ಲೆಟ್. ಅಂಥದ್ದೇ ಒಂದು ಟ್ಯಾಬ್ಲೆಟ್ ಮಾವನ ಹತ್ತಿರ ಇತ್ತು, ರೈಲ್ವೆಯವರು ಬೀಳ್ಕೊಡುಗೆಗೆ ಕೊಟ್ಟದ್ದು. ಸಂಜೆ ಮಾವ ವಾಕಿಂಗ್ ಹೋದ ಹೊತ್ತಿನಲ್ಲಿ ಗುಮಾಸ್ತ ಅದನ್ನು ತೆಗೆದು ಸಾಹೇಬರ ಹೆಸರಲ್ಲಿ ಲಾಗಿನ್ ಆದ. ಮುಚ್ಚಿದ, ತೆರೆದ. ಪಾಸ್‌ವರ್ಡ್ ಕೇಳಲಿಲ್ಲ. ಟ್ಯಾಬ್ಲೆಟನ್ನೇ ಆಫ್ ಮಾಡಿ ಆನ್ ಮಾಡಿದ. ಆಗಲೂ ಕೇಳಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದ. ಅವಳು ನೋಡಿ, ಬೆಳಿಗ್ಗೆ ಬಕೆಟ್ ತುಂಬಿಸೋಕೆ ನೀರು ಬಂದರೆ ಕರೆಯಿರಿ ಎಂದು ಹೇಳಿ ಹೋದಳು. ಗುಮಾಸ್ತ ತೃಪ್ತಿಯಿಂದ ಬ್ರೌಸರ್ ಮುಚ್ಚಿ ಟ್ಯಾಬ್ಲೆಟನ್ನು ಇದ್ದ ಜಾಗದಲ್ಲೇ ಇಟ್ಟ.

ಅವನ ಕಚೇರಿಯಲ್ಲಿ ಲಾಗ್‌ಔಟ್ ಬಟನ್ ಒತ್ತಿದವರು ಒಬ್ಬರೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಎರಡು ವರ್ಷ ಎಲ್ಲರೂ ಕೆಲಸ ಮುಗಿಸಿ ಬ್ರೌಸರ್ ಮುಚ್ಚುತ್ತಿದ್ದರು. ಸೆಷನ್ ಕುಕೀ ಸಾಯುತ್ತಿತ್ತು. ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು. ಬೀಗದ ನಿಯಮವನ್ನು ಅಂದು ಮಧ್ಯಾಹ್ನ ತನ್ನ ಕೈಯಾರೆ ಬದಲಿಸಿದ ಮನುಷ್ಯ ಸಂಜೆ ಹಳೆಯ ಅಭ್ಯಾಸದಂತೆ ಬ್ರೌಸರ್ ಮುಚ್ಚಿ, ಬೀಗ ಬಿತ್ತು ಎಂದುಕೊಂಡು ಮಹಡಿ ಹತ್ತಿದ.

ಮಾವ ದಿನಾ ಬೆಳಿಗ್ಗೆ ಟ್ಯಾಬ್ಲೆಟ್‌ನಲ್ಲಿ ಕಚೇರಿಯ ವೆಬ್‌ಸೈಟ್ ತೆರೆದು ನೀರಿನ ವೇಳಾಪಟ್ಟಿ ನೋಡುತ್ತಿದ್ದರು. ಅವರ ಬೀದಿಗೆ ನೀರು ಬರುತ್ತಿದ್ದದ್ದು ನಸುಕಿನ ಮೂರರಿಂದ ನಾಲ್ಕರವರೆಗೆ. ಮೂವತ್ತೆಂಟು ವರ್ಷ ರೈಲು ಹೊರಡಿಸಿದವರಿಗೆ ಪ್ರಯಾಣಿಕರೆಲ್ಲ ಮಲಗಿರುವಾಗ ಗಾಡಿ ಬಿಡುವ ಈ ಪದ್ಧತಿ ಹೊಟ್ಟೆ ಉರಿಸುತ್ತಿತ್ತು. ಕಚೇರಿಗೆ ನಲವತ್ತಕ್ಕೂ ಹೆಚ್ಚು ಕಾಗದ ಬರೆದಿದ್ದರು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಮಂಗಳವಾರ ಬೆಳಿಗ್ಗೆ ಪಟ್ಟಿ ತೆರೆದಾಗ ಮೇಲ್ಗಡೆ ಹೊಸತೊಂದು ಸಾಲು ಕಂಡಿತು: "ನಮಸ್ಕಾರ, ಕಾರ್ಯಪಾಲಕ ಎಂಜಿನಿಯರ್." ಅದರ ಪಕ್ಕದಲ್ಲಿ ಒಂದು ನೀಲಿ ಬಟನ್: "ತಿದ್ದಿ."

ಮಾವ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಎಂಜಿನಿಯರ್ ಸಾಹೇಬರು ನಮಸ್ಕಾರ ಹೇಳಿ, ಪಟ್ಟಿ ಸರಿಯಿಲ್ಲ, ದಯವಿಟ್ಟು ತಿದ್ದಿ ಎಂದು ಸಾರ್ವಜನಿಕರನ್ನು ಕೇಳಿಕೊಂಡಿದ್ದಾರೆ. ತಡವಾಗಿಯಾದರೂ ಬುದ್ಧಿ ಬಂತಲ್ಲ ಎಂದುಕೊಂಡು ಬಟನ್ ಒತ್ತಿದರು. ತಮ್ಮ ಬೀದಿಯ ಎದುರಿನ ಮೂರು ಗಂಟೆ ಅಳಿಸಿ ಬೆಳಿಗ್ಗೆ ಆರೂವರೆ ಮಾಡಿದರು. ಆ ಹೊತ್ತಿಗೆ ಯಾವ ಬೀದಿಗೆ ನೀರು ಹೋಗುತ್ತಿದೆ ನೋಡಿ, ಅದನ್ನು ಏಳೂವರೆಗೆ ದಾಟಿಸಿದರು. ಒಂದೇ ಹಳಿಯ ಮೇಲೆ ಎರಡು ಗಾಡಿ ಬಿಡುವವರಲ್ಲ ಅವರು. ಕೊನೆಯಲ್ಲಿ "ಪ್ರಕಟಿಸಿ" ಎಂದಿತ್ತು. ಒತ್ತಿದರು.

ಊರಿನ ನೀರು ಬಿಡುವ ವಾಟರ್‌ಮನ್ ಫೋನಿನಲ್ಲಿ ಆ ಪಟ್ಟಿ ನೋಡಿ ವಾಲ್ವು ತಿರುಗಿಸುವವನು. ಪಟ್ಟಿಯಲ್ಲಿ ಇದ್ದಂತೆ ತಿರುಗಿಸಬೇಕು, ಪಟ್ಟಿ ಯಾಕೆ ಹಾಗಿದೆ ಎಂದು ಕೇಳಬಾರದು ಎಂಬುದು ಅವನಿಗೆ ಕೊಟ್ಟ ಒಂದೇ ತರಬೇತಿ. ಬುಧವಾರ ಬೆಳಿಗ್ಗೆ ಆರೂವರೆಗೆ ಮಾವನ ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಕೆಮ್ಮಿ ನೀರು ಸುರಿದವು. ಜನ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಗೇಟಿನ ಹತ್ತಿರ ನಿಂತು, ತಾವೊಂದು ಮಾತು ಬರೆದು ಹಾಕಿದ್ದಾಗಿ ಹೇಳಿದರು. ಎದುರು ಮನೆಯ ನರ್ಸ್ ನಂಬಲಿಲ್ಲ. ನಂಬದಿದ್ದರೂ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ತನ್ನ ತಾಯಿಯ ಮನೆಯಿದೆ, ಅಲ್ಲಿ ಮಧ್ಯಾಹ್ನ ಬರುವ ನೀರನ್ನು ಬೆಳಿಗ್ಗೆಗೆ ತರಲು ಆಗುತ್ತದೆಯೇ ಎಂದು ಕೇಳಿದಳು. ಮೂಲೆ ಅಂಗಡಿಯ ಟೈಲರ್ ತನ್ನ ತಮ್ಮನ ಬೀದಿಯನ್ನು ಹೇಳಿದ. ಮಾವ ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡರು.

ಅದೇ ದಿನ ಪಟ್ಟಿಯನ್ನು ಮೇಲಿಂದ ಕೆಳಗೆ ಪರಿಶೀಲಿಸುವಾಗ ಒಂದು ಬೀದಿ ಅವರ ಕಣ್ಣಿಗೆ ಬಿತ್ತು. ಅಲ್ಲಿ ಇರುವುದು ಹನ್ನೊಂದು ಮನೆ. ನೀರು ದಿನಕ್ಕೆ ಮೂರು ಗಂಟೆ. ಇಂಥ ಅನ್ಯಾಯವನ್ನು ಸಾಹೇಬರು ಗಮನಿಸಿಲ್ಲವಲ್ಲ ಎಂದು ಮರುಗಿ, ಅದನ್ನು ಅರ್ಧ ಗಂಟೆಗೆ ಇಳಿಸಿ, ಉಳಿದದ್ದನ್ನು ಐದು ಬೀದಿಗೆ ಹಂಚಿದರು.

ಸಾಹೇಬರು ಗಮನಿಸದೆ ಏನು. ಆ ಹನ್ನೊಂದರಲ್ಲಿ ನಾಲ್ಕನೆಯ ಮನೆ ಸಾಹೇಬರದೇ.

ಗುರುವಾರ ಬೆಳಿಗ್ಗೆ ಎಂಜಿನಿಯರ್ ಸಾಹೇಬರು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ನಲ್ಲಿ ನಿಂತಿತು. ಅವರು ಕಣ್ಣು ಮುಚ್ಚಿಕೊಂಡೇ ವಾಟರ್‌ಮನ್‌ಗೆ ಫೋನ್ ಮಾಡಿಸಿದರು. ಅವನು ತುಂಬ ವಿನಯದಿಂದ, ನೀವೇ ಬದಲಾಯಿಸಿದ್ದೀರಲ್ಲ ಸರ್, ಪಟ್ಟಿ ಕೆಳಗೆ ನಿಮ್ಮ ಹೆಸರೇ ಇದೆ ಎಂದ. ಸಾಹೇಬರ ಹೆಂಡತಿ ಅದನ್ನು ಸ್ಪೀಕರಿನಲ್ಲಿ ಕೇಳಿಸಿಕೊಂಡರು. ಆಮೇಲೆ ಆ ಮನೆಯಲ್ಲಿ ಏನು ಮಾತಾಯಿತೋ ತಿಳಿಯದು. ಸಾಹೇಬರು ಕಚೇರಿಗೆ ಬಂದಾಗ ಒಂದು ಕಿವಿಯ ಹಿಂದೆ ಸೋಪು ಹಾಗೇ ಒಣಗಿತ್ತು.

"ಯಾರಯ್ಯಾ ಇದು? ನನ್ನ ಹೆಸರಲ್ಲಿ ನನ್ನ ಮನೆ ನೀರನ್ನೇ ಯಾರು ನಿಲ್ಲಿಸಿದ್ದು?"

ಗುಮಾಸ್ತ ದಾಖಲೆ ತೆಗೆದು ತೋರಿಸಿದ. ಯಾರು ತಿದ್ದಿದರು, ಎಷ್ಟು ಹೊತ್ತಿಗೆ ತಿದ್ದಿದರು ಎಂದು ಅದರಲ್ಲಿತ್ತು. ಹನ್ನೆರಡು ತಿದ್ದುಪಡಿ, ಹನ್ನೆರಡೂ ಕಾರ್ಯಪಾಲಕ ಎಂಜಿನಿಯರ್. ತಾವು ಆ ಹೊತ್ತಿಗೆ ಮೀಟಿಂಗಿನಲ್ಲಿದ್ದುದಾಗಿ ಸಾಹೇಬರು ಹೇಳಿದರು. ಪಾಸ್‌ವರ್ಡ್ ಗೊತ್ತಿದ್ದವನು ತಾವಲ್ಲದೆ ಇನ್ನೊಬ್ಬನೇ ಎಂದೂ ಹೇಳಿ ಗುಮಾಸ್ತನನ್ನು ನೋಡಿದರು. ಗುಮಾಸ್ತ ಕೀಲಿಮಣೆ ಎಳೆದುಕೊಂಡ. ಇದು ಕುಕೀ ದೋಷ ಸರ್, ಹೊಸ ಸೆಟ್ಟಿಂಗಿನದು, ಈಗಲೇ ಸರಿ ಮಾಡುತ್ತೇನೆ ಎಂದ. ಪರ್ಸಿಸ್ಟೆಂಟ್ ತೆಗೆದು ಸೆಷನ್ ಬಟನ್ ಒತ್ತಿದ. ವೇಳಾಪಟ್ಟಿಯನ್ನು ಹಿಂದಿನ ವಾರ ಇದ್ದಂತೆ ಮಾಡಿದ. ಸಾಹೇಬರ ಬೀದಿಗೆ ಮೂರು ಗಂಟೆ ವಾಪಸು ಬಂತು.

"ಇನ್ನು ಆಗಲ್ಲ ಸರ್. ಬಾಗಿಲು ಮುಚ್ಚಿಬಿಟ್ಟಿದ್ದೀನಿ."

ಬಾಗಿಲನ್ನು ಅವನು ನಿಜವಾಗಿಯೂ ಮುಚ್ಚಿದ್ದ. ಒಳಗೆ ಬಂದು ಕೂತಿದ್ದವರನ್ನು ಹೊರಗೆ ಕಳಿಸಿರಲಿಲ್ಲ. ಹೊಸ ನಿಯಮ ಹೊಸದಾಗಿ ಲಾಗಿನ್ ಆಗುವವರಿಗೆ; ಮೊದಲೇ ಕೊಟ್ಟ ಚೀಟಿಗಳು ತಮ್ಮ ಮುನ್ನೂರ ಅರವತ್ತೈದು ದಿನ ಬದುಕಿಯೇ ತೀರುತ್ತವೆ. ಇದು ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿತ್ತು. ಗುಮಾಸ್ತ ನಲವತ್ತರವರೆಗೆ ಓದಿದ್ದ.

ಶುಕ್ರವಾರ ಬೆಳಿಗ್ಗೆ ಮಾವ ಪಟ್ಟಿ ತೆರೆದರೆ ತಾವು ತಿದ್ದಿದ್ದೆಲ್ಲ ಅಳಿಸಿಹೋಗಿತ್ತು. ಕಚೇರಿಯಲ್ಲಿ ಯಾರೋ ಕೆಳಗಿನವನ ಕಿತಾಪತಿ ಇದು, ಸಾಹೇಬರಿಗೆ ತಿಳಿಯದೆ ಮಾಡಿದ್ದಾನೆ ಎಂದು ಅವರಿಗೆ ಖಚಿತವಾಯಿತು. ಕೂತು ಎಲ್ಲವನ್ನೂ ಹೊಸದಾಗಿ ಬರೆದರು. ಈ ಸಲ ಊರಿನ ನಲವತ್ತೆರಡು ಬೀದಿಯನ್ನೂ ಸೇರಿಸಿ, ಜಂಕ್ಷನ್ನು, ಕ್ರಾಸಿಂಗು ಎಲ್ಲ ಲೆಕ್ಕ ಹಾಕಿ, ಜೀವಮಾನದ ಅನುಭವ ಸುರಿದು ಬರೆದರು. ಹನ್ನೊಂದು ಮನೆಯ ಬೀದಿಗೆ ಅರ್ಧ ಗಂಟೆಯನ್ನೂ ಕಡಿಮೆ ಮಾಡಿ ಇಪ್ಪತ್ತು ನಿಮಿಷ ಕೊಟ್ಟರು. ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದರು: "ಇದನ್ನು ಮುಟ್ಟಿದವರ ಮೇಲೆ ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು."

ಹನ್ನೊಂದು ಗಂಟೆಗೆ ಸಾಹೇಬರು ಈ ಸಾಲನ್ನು ಗುಮಾಸ್ತನಿಂದ ಎರಡು ಸಲ ಓದಿಸಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಗುಮಾಸ್ತನಿಗೆ ಸಮಾಧಾನವಾಗುತ್ತಿತ್ತು. ಟ್ರೇಯಿಂದ ಖಾಯಂ ಆದೇಶದ ಕಾಗದ ತೆಗೆದು, ಅದನ್ನು ಮೇಜಿನ ಮಧ್ಯಕ್ಕಿಟ್ಟು, ಅದರ ಮೇಲೆ ಪೇಪರ್‌ವೇಟ್ ಇಟ್ಟರು.

"ನಾಳೆ ಹನ್ನೆರಡಕ್ಕೆ ಚೀಫ್ ಎಂಜಿನಿಯರ್ ಮೇಡಂ ಬರ್ತಿದ್ದಾರೆ. ಪಟ್ಟಿ ಯಾಕೆ ದಿನಕ್ಕೊಂದು ಥರ ಆಗ್ತಿದೆ ಅಂತ ಕೇಳೋಕೇ ಬರ್ತಿರೋದು. ಅಲ್ಲಿವರೆಗೆ ನೀನು ಪಟ್ಟಿ ಮುಟ್ಟಬೇಡ. ಅಷ್ಟರೊಳಗೆ ಅವನು ಯಾರು ಅಂತ ನನಗೆ ಗೊತ್ತಾಗಬೇಕು. ಗೊತ್ತಾಗದಿದ್ರೆ ಅವನು ನೀನೇ ಅಂತ ಬರೆದು ಕೊಡ್ತೀನಿ. ಹೋಗು."

ಗುಮಾಸ್ತ ಆ ದಿನ ಊಟ ಮಾಡಲಿಲ್ಲ. ಕಚೇರಿಯ ಎಲ್ಲರ ಕಂಪ್ಯೂಟರಿನ ಮುಂದೆಯೂ ಹೋಗಿ ನಿಂತು ಅವರ ಮುಖ ನೋಡಿದ. ಅವರೂ ಇವನ ಮುಖ ನೋಡಿ, ಪ್ರಿಂಟರ್ ಹಾಳಾಗಿದೆಯೇ ಎಂದು ವಿಚಾರಿಸಿದರು. ಸಂಜೆ ಮನೆಗೆ ಹೊರಟ. ಬೀದಿಗೆ ತಿರುಗುವಾಗಲೇ ಮಾವನ ಗೇಟಿನಿಂದ ಟೈಲರ್ ಅಂಗಡಿಯವರೆಗೆ ಜನರ ಸಾಲು ಕಂಡಿತು. ಮಾವ ಹೋಗಿಬಿಟ್ಟರು ಎಂದುಕೊಂಡ. ಹತ್ತಿರ ಹೋದರೆ ಸಾಲಿನವರ ಕೈಯಲ್ಲಿ ಚೀಟಿಗಳಿದ್ದವು. ವರಾಂಡದಲ್ಲಿ ಮಾವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು, ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ನರ್ಸ್ ಪಕ್ಕದಲ್ಲಿ ನಿಂತು ಸಾಲನ್ನು ನಿಭಾಯಿಸುತ್ತಿದ್ದಳು.

"ನಿಮ್ಮ ಬೀದಿಗೆ ಎಂಟೂ ಹತ್ತಕ್ಕೆ ಕೊಟ್ಟಿದ್ದೀನಿ. ಎಂಟಕ್ಕೆ ಕೊಡೋಕಾಗಲ್ಲ, ಆಗ ಪೈಪು ಖಾಲಿ ಇರಲ್ಲ. ಮುಂದಿನವರು," ಎಂದರು ಮಾವ.

ಗುಮಾಸ್ತ ಅವರ ಭುಜದ ಮೇಲಿನಿಂದ ಇಣುಕಿದ. ನಮಸ್ಕಾರ, ಕಾರ್ಯಪಾಲಕ ಎಂಜಿನಿಯರ್ ಎಂಬ ಸಾಲು ಕಂಡಿತು. ಸೋಮವಾರ ಸಂಜೆ ತಾನು ಮುಚ್ಚಿದ್ದು ಏನು, ಮುಚ್ಚದೆ ಬಿಟ್ಟದ್ದು ಏನು ಎಂಬುದು ಅವನಿಗೆ ನಿಂತ ನಿಲುವಿನಲ್ಲೇ ಗೊತ್ತಾಯಿತು. ಟ್ಯಾಬ್ಲೆಟಿಗೆ ಕೈ ಹಾಕಿದ. ಮಾವ ಅದನ್ನು ಎದೆಗೆ ಅವುಚಿಕೊಂಡರು.

"ಸಾಲಿನಲ್ಲಿ ಬನ್ನಿ, ಅಳಿಯಂದಿರೇ. ನಿಮ್ಮ ಕಚೇರಿಯಲ್ಲಿ ತಿಳಿವಳಿಕೆ ಇರೋ ಮನುಷ್ಯ ಅಂದ್ರೆ ಆ ಎಂಜಿನಿಯರ್ ಒಬ್ಬರೇ. ದಿನಾ ನಮಸ್ಕಾರ ಹೇಳ್ತಾರೆ, ನಾನು ಹೇಳಿದ್ದನ್ನ ಒಂದು ಅಕ್ಷರ ಬಿಡದೆ ಮಾಡ್ತಾರೆ. ನೀವು ಎರಡು ವರ್ಷದಿಂದ ಅಲ್ಲೇ ಇದ್ದೀರಿ, ಏನು ಮಾಡಿದ್ರಿ?"

ಸಾಲಿನಲ್ಲಿ ಒಂದಿಬ್ಬರು ನಕ್ಕರು. ಗುಮಾಸ್ತ ಮಹಡಿಗೆ ಓಡಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು.

"ಅಪ್ಪನಿಗೆ ನಿಜ ಹೇಳ್ತೀರಾ?"

"ಹೇಳದಿದ್ರೆ ನಾಳೆ ನನ್ನ ಕೆಲಸ ಹೋಗುತ್ತೆ."

"ಹೇಳಿದ್ರೆ ಇವತ್ತೇ ಬೇರೆ ಮನೆ ಹುಡುಕಬೇಕು. ಊರಿಗೆಲ್ಲ ನೀರು ಕೊಟ್ಟವರು ಅಂತ ಕೂತಿದ್ದಾರೆ. ಅದು ನಿಮ್ಮ ಎಡವಟ್ಟಿಂದ ಆದದ್ದು ಅಂತ ಸಾಲಿನವರೆದುರು ಹೇಳಿ, ನೋಡೋಣ."

ಅವನು ಹೇಳಲಿಲ್ಲ. ಕೈಪಿಡಿ ತೆಗೆದು ಕೊನೆಗೂ ನಲವತ್ತೊಂದನೆಯ ಪುಟ ಓದಿದ. ಹಳೆಯ ಕುಕೀಗಳನ್ನು ಕೊಲ್ಲಲು ಒಂದೇ ದಾರಿ: ಆ ಹೆಸರಿನ ಪಾಸ್‌ವರ್ಡ್ ಬದಲಿಸಬೇಕು. ಬದಲಿಸಿದರೆ ಎಲ್ಲೆಲ್ಲಿ ಒಳಗಿದ್ದಾರೋ ಎಲ್ಲರೂ ಹೊರಗೆ ಬೀಳುತ್ತಾರೆ. ಆದರೆ ಬದಲಿಸುವಾಗ ಸಾಹೇಬರ ಫೋನಿಗೆ ಒಂದು ನಂಬರ್ ಬರುತ್ತದೆ. ಅದನ್ನು ಅವರೇ ಹೇಳಬೇಕು. ಯಾಕಯ್ಯಾ ಎಂದು ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆ ಹೋಗಿ ಕಾಲಿಗೆ ಬೀಳುವುದು ಎಂದು ತೀರ್ಮಾನಿಸಿದ.

ಊಟದ ಹೊತ್ತಿಗೆ ಅವನು ಕೆಳಗೆ ಬಾರದ್ದನ್ನು ಕಂಡು ಮಾವ ಮಗಳನ್ನು ಕೇಳಿದರು. ಅವಳು ಎಷ್ಟು ಬೇಕೋ ಅಷ್ಟೇ ಹೇಳಿದಳು: ನಾಳೆ ಖಾಯಂ ಆಗಬೇಕು, ಎಂಜಿನಿಯರ್ ಸಹಿ ಹಾಕುತ್ತಿಲ್ಲ. ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ನನಗೆ ಮೊದಲೇ ಹೇಳಬಾರದಿತ್ತೇ ಎಂದಷ್ಟೇ ಹೇಳಿ, ಕೈ ತೊಳೆದು, ಟ್ಯಾಬ್ಲೆಟ್ ತೆಗೆದುಕೊಂಡರು.

ಶನಿವಾರ ಬೆಳಿಗ್ಗೆ ಕಚೇರಿಯ ಗೇಟಿನಲ್ಲಿ ವಾಟರ್‌ಮನ್ ಗುಮಾಸ್ತನನ್ನು ಕಂಡವನೇ ಸೈಕಲ್ಲಿನಿಂದ ಇಳಿದು ನಿಂತ. ಈ ಎರಡು ವರ್ಷದಲ್ಲಿ ಅವನು ಹಾಗೆ ಇಳಿದದ್ದು ಅದೇ ಮೊದಲು.

"ಹೇಳಲೇ ಇಲ್ಲವಲ್ಲ ಸರ್ ನೀವು," ಎಂದು ಫೋನ್ ಮುಂದೆ ಹಿಡಿದ.

ವೆಬ್‌ಸೈಟಿನ ಮುಖಪುಟದಲ್ಲಿ, ನೀರು ಉಳಿಸಿ ಎಂಬ ಚಿತ್ರಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹೀಗಿತ್ತು: "ಸಂಬಂಧಪಟ್ಟವರ ಗಮನಕ್ಕೆ. ಈ ಕಚೇರಿಯಲ್ಲಿ ವೆಬ್‌ಸೈಟ್ ಕೆಲಸ ಮಾಡುತ್ತಿರುವ ಗುಮಾಸ್ತ ನನ್ನ ಸ್ವಂತ ಅಳಿಯ. ಬುದ್ಧಿ ಸ್ವಲ್ಪ ನಿಧಾನ, ಆದರೆ ಕಳ್ಳನಲ್ಲ. ಇವನನ್ನು ಇಂದೇ ಖಾಯಂ ಮಾಡತಕ್ಕದ್ದು. ನನ್ನ ಮಗಳ ಮುಖ ನೋಡಿಯಾದರೂ ಮಾಡತಕ್ಕದ್ದು." ಅದರ ಕೆಳಗೆ ಸಾಫ್ಟ್‌ವೇರು ತಾನಾಗಿ ಸೇರಿಸಿದ ಸಾಲು: "ಪ್ರಕಟಿಸಿದವರು: ಕಾರ್ಯಪಾಲಕ ಎಂಜಿನಿಯರ್."

ಗುಮಾಸ್ತ ಒಳಗೆ ಓಡಿದ. ದಾರಿಯಲ್ಲಿ ಇಬ್ಬರು ಕೈ ಕುಲುಕಿದರು. ಒಬ್ಬರು ಕುರ್ಚಿ ಕೊಟ್ಟರು. ಸಾಹೇಬರ ಕೋಣೆಯಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸಾಹೇಬರಿಗೆ ಇದ್ದದ್ದು ಒಬ್ಬಳೇ ಮಗಳು; ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದವಳು, ಮದುವೆಯಾಗದವಳು. ಬೆಳಿಗ್ಗೆ ಆರರಿಂದ ನೆಂಟರು, ಹೇಳದೆ ಕೇಳದೆ ಮದುವೆ ಮುಗಿಸಿಬಿಟ್ಟಿರಾ, ನಮಗೊಂದು ಕಾಗದ ಇಲ್ಲವೇ ಎಂದು ಜಗಳಕ್ಕೆ ಬಂದಿದ್ದರು. ಸಾಹೇಬರ ಅತ್ತೆ ಫೋನಿನಲ್ಲಿ ಅತ್ತು, ಅಷ್ಟು ಓದಿಸಿ ಕೊನೆಗೆ ಗುಮಾಸ್ತನಿಗೆ ಕೊಟ್ಟೆಯಾ ಎಂದಿದ್ದರು. ಹೆಂಡತಿ ಮಗಳನ್ನೇ ಕೇಳಿದ್ದರು. ಮಗಳು ಗಾಬರಿಯಲ್ಲಿ, ಗುಮಾಸ್ತ ಅಲ್ಲಮ್ಮ, ನಮ್ಮ ಕಾಲೇಜಿನವನೇ ಎಂದು ಯಾರೂ ಕೇಳದ ಇನ್ನೊಂದು ವಿಷಯ ಒಪ್ಪಿಕೊಂಡಿದ್ದಳು.

ಗುಮಾಸ್ತ ಬಾಗಿಲು ಹಾಕಿ ಎಲ್ಲ ಹೇಳಿದ. ಟ್ಯಾಬ್ಲೆಟ್ಟು, ಪರೀಕ್ಷೆ, ಮಾವ, ನಲವತ್ತೊಂದನೆಯ ಪುಟ. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ, ನಿನ್ನ ಮಾವ ನಾನಾಗಿದ್ದಾನೆ."

"ಮುನ್ನೂರ ಅರವತ್ತು ದಿನ ಬಾಕಿ ಇದೆ ಸರ್."

ಸಾಹೇಬರು ಪೇಪರ್‌ವೇಟ್ ಎತ್ತಿದರು. ಅದನ್ನು ಎಸೆಯುತ್ತಾರೋ, ಕಾಗದ ಹರಿಯುತ್ತಾರೋ ಗುಮಾಸ್ತನಿಗೆ ತಿಳಿಯಲಿಲ್ಲ. ಸಾಹೇಬರಿಗೂ ತಿಳಿದಂತಿರಲಿಲ್ಲ. ಇವನನ್ನು ಹಿಡಿದುಕೊಟ್ಟರೆ ಪಾಸ್‌ವರ್ಡ್ ಕೊಟ್ಟವರು ಯಾರು ಎಂಬ ಪ್ರಶ್ನೆ ಬರುತ್ತದೆ, ಗೋಡೆಯ ಸುತ್ತೋಲೆಯೂ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಹಿಡಿದುಕೊಡದಿದ್ದರೆ ಇವನು ಅಳಿಯನಾಗಿಯೇ ಉಳಿಯುತ್ತಾನೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹನ್ನೆರಡಕ್ಕೆ ಬರಬೇಕಿದ್ದ ಚೀಫ್ ಮೇಡಂ ಹತ್ತೂವರೆಗೇ ಬಂದಿದ್ದರು. ಕುಳಿತುಕೊಳ್ಳುವ ಮೊದಲೇ ಗುಮಾಸ್ತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರೇನಾ ಅಳಿಯ?"

"ಅಲ್ಲ ಮೇಡಂ. ಅಂದ್ರೆ, ಅಳಿಯನೇ. ನನ್ನ ಅಳಿಯ ಅಲ್ಲ," ಎಂದರು ಸಾಹೇಬರು.

ಮೇಡಂ ಫೋನಿನಿಂದ ಆ ನೋಟೀಸನ್ನು ನಿಧಾನವಾಗಿ, ಒಂದೂ ಪದ ಬಿಡದೆ ಓದಿದರು. ಪ್ರಕಟಿಸಿದವರು ಎಂಬ ಸಾಲನ್ನೂ ಓದಿದರು. ಸರ್ಕಾರಿ ವೆಬ್‌ಸೈಟಿನಲ್ಲಿ ಸ್ವಂತ ಅಳಿಯನ ಖಾಯಮಾತಿ ಕೇಳಿದ ಅಧಿಕಾರಿಯನ್ನು ತಾವು ಈ ಮೊದಲು ಕಂಡಿಲ್ಲ ಎಂದರು. ಗುಮಾಸ್ತ ಬಾಯಿ ತೆರೆದ. ಸಾಹೇಬರ ಕಣ್ಣು ಕಂಡು ಮುಚ್ಚಿದ.

ಆಗ ಹೊರಗೆ, ಜವಾನನ ಜೊತೆ ಯಾರೋ ಗಟ್ಟಿಯಾಗಿ ಮಾತಾಡುವುದು ಕೇಳಿಸಿತು. ಗುಮಾಸ್ತನಿಗೆ ಆ ಧ್ವನಿ ಚೆನ್ನಾಗಿ ಗೊತ್ತಿತ್ತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸಿ ಅಭ್ಯಾಸವಾದ ಧ್ವನಿ. ಅರ್ಜಿ ಹಾಕಿದ ಮೇಲೆ ಅದರ ಹಿಂದೆಯೇ ಹೋಗಿ ನಿಲ್ಲಬೇಕು ಎಂಬುದು ಮಾವನ ನಂಬಿಕೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಗಲಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ಒಳಗೆ ಬಂದರು. ಸಾಹೇಬರಿಗೆ ನೇರ ಕೈಮುಗಿದರು.

"ನಿಮ್ಮ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಹೇಳೋಕೆ ಬಂದೆ. ನಾನು ದಿನಾ ತಿದ್ದಿ ಕಳಿಸ್ತಿದ್ದೆನಲ್ಲ, ಅವನು. ಈ ಅಳಿಯಂದಿರ ಮಾವ."

ಮೇಡಂ ಮಾವನನ್ನು ನೋಡಿದರು, ಮಾವ ಸಾಹೇಬರನ್ನು ನೋಡಿದರು, ಗುಮಾಸ್ತ ಫ್ಯಾನನ್ನು ನೋಡಿದ.

"ತಿದ್ದಿ ಕಳಿಸೋದು ಅಂದ್ರೆ?" ಎಂದು ಮೇಡಂ ಕೇಳಿದರು.

ಇಪ್ಪತ್ತಾರು ವರ್ಷದ ಸರ್ವೀಸು ಮನುಷ್ಯನಿಗೆ ಏನಾದರೂ ಕಲಿಸಿದ್ದರೆ ಅದು ಇಂಥ ಹೊತ್ತಿಗೇ. ಸಾಹೇಬರ ಮುಖಕ್ಕೆ ನಿಧಾನವಾಗಿ ಕಳೆ ಬಂತು.

"ನಾಗರಿಕರ ಸಲಹೆ, ಮೇಡಂ. ನಾನೇ ಶುರು ಮಾಡಿದ್ದು. ಸಾರ್ವಜನಿಕರು ಏನು ಬರೆದರೂ ಒಂದಕ್ಷರ ಬದಲಿಸದೆ ಪ್ರಕಟಿಸ್ತೀವಿ. ಅದಕ್ಕೇ ನನ್ನ ಅಳಿಯ ಅಂತ ಹಾಗೇ ಬಂದಿದೆ. ಅದು ಇವರು ಬರೆದದ್ದು, ಇವರ ಅಳಿಯನ ಬಗ್ಗೆ."

"ಒಂದಕ್ಷರ ಬದಲಿಸಿಲ್ಲ," ಎಂದು ಮಾವ ಸಾಕ್ಷಿ ಹೇಳಿದರು. "ಗುರುವಾರ ಮಾತ್ರ ಯಾರೋ ಅವಿವೇಕಿ ಎಲ್ಲ ಅಳಿಸಿಹಾಕಿದ್ದ."

ಮೇಡಂ ಆಗ ಕುಳಿತುಕೊಂಡರು. ತಾವು ಬಂದದ್ದೇ ಈ ಪಟ್ಟಿಯ ವಿಚಾರಕ್ಕೆ ಎಂದರು. ದಿನಕ್ಕೆ ಅರವತ್ತು ದೂರು ಬರುವ ಊರಿನಿಂದ ಬುಧವಾರ ಮೂವತ್ತು ಬಂದವು. ಗುರುವಾರ ಒಮ್ಮೆಲೇ ಎಂಬತ್ತಕ್ಕೆ ಏರಿದವು. ನಿನ್ನೆ ಬಂದದ್ದು ಒಂಬತ್ತು. ಆ ಒಂಬತ್ತೂ ಒಂದೇ ಬೀದಿಯವು. ಹನ್ನೊಂದು ಮನೆಗೆ ಮೂರು ಗಂಟೆ ಕೊಟ್ಟಿದ್ದನ್ನು ಇಳಿಸಿದ್ದಕ್ಕೆ ಅವರಿಗೆ ಸಿಟ್ಟು. ಇಳಿಸಿದ್ದು ಒಳ್ಳೆಯದಾಯಿತು ಎಂದು ಹೇಳಿ, "ಯಾರಿರೋದು ಆ ಬೀದಿಯಲ್ಲಿ?" ಎಂದು ಕೇಳಿದರು.

"ಯಾರೋ, ಮೇಡಂ," ಎಂದರು ಸಾಹೇಬರು.

ಮಾವ ಹೆಮ್ಮೆಯಿಂದ ಆ ಬೀದಿಯ ಲೆಕ್ಕಾಚಾರ ವಿವರಿಸಿದರು. ಇಪ್ಪತ್ತು ನಿಮಿಷವೂ ಹೆಚ್ಚಾಯಿತು, ಮುಂದಿನ ವಾರ ನೋಡೋಣ ಎಂದರು. 'ಮುಂದಿನ ವಾರ' ಎಂಬ ಮಾತಿಗೆ ಸಾಹೇಬರ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. ಮೇಡಂ ಅದನ್ನು ಎತ್ತಿ ಅವರಿಗೆ ಕೊಟ್ಟರು.

"ಸರಿ. ಸಲಹೆ ಪ್ರಕಟಿಸಿದರೆ ಸಾಲದು, ಅದರ ಮೇಲೆ ಏನು ಕ್ರಮ ತಗೊಂಡ್ರಿ ಅನ್ನೋದೂ ಬೇಕು. ಇವರ ಕೊನೆಯ ಸಲಹೆ ಇದೆಯಲ್ಲ, ಗುಮಾಸ್ತನದು. ಅದಕ್ಕೇನು ಮಾಡಿದ್ರಿ?"

ಕಾಗದ ಮೇಜಿನ ಮಧ್ಯದಲ್ಲೇ ಇತ್ತು. ಎಲ್ಲರೂ ಅದನ್ನು ನೋಡಿದರು. ಸಾಹೇಬರು ಸಹಿ ಹಾಕಿದರು. ಎಷ್ಟು ಒತ್ತಿ ಹಾಕಿದರೆಂದರೆ ಕೊನೆಯ ಚುಕ್ಕೆ ಇಟ್ಟಲ್ಲಿ ಕಾಗದ ತೂತಾಯಿತು.

ಮೇಡಂ ಹೋದ ಮೇಲೆ, ಮಾವನನ್ನು ಚಹಾಕ್ಕೆ ಹೊರಗೆ ಕೂರಿಸಿ, ಸಾಹೇಬರು ಬಾಗಿಲು ಹಾಕಿದರು. ಫೋನಿಗೆ ಬಂದ ನಂಬರನ್ನು ಹಲ್ಲು ಕಚ್ಚಿ ಹೇಳಿದರು. ಹೊಸ ಪಾಸ್‌ವರ್ಡನ್ನು, ಗುಮಾಸ್ತನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ತಾವೇ ಟೈಪ್ ಮಾಡಿದರು. ದಿನಕ್ಕೆ ಹತ್ತು ಸಲ ಕೇಳಿದರೂ ಚಿಂತೆಯಿಲ್ಲ, ಮುಚ್ಚಿದ ಕೂಡಲೇ ಸಾಯುವ ಕುಕೀಯೇ ಇರಲಿ ಎಂದರು. ಮೇಡಂ ಹೊರಡುವಾಗ, ನಾಗರಿಕರ ಸಲಹೆ ಸ್ವೀಕರಿಸಲು ಒಬ್ಬ ಖಾಯಂ ನೌಕರನನ್ನು ನೇಮಿಸಿ ಎಂದು ಆದೇಶ ಕೊಟ್ಟು ಹೋಗಿದ್ದರು. ಕಚೇರಿಯಲ್ಲಿ ಆ ಹೊತ್ತಿಗೆ ಬೇರೆ ಕೆಲಸವಿಲ್ಲದ ಖಾಯಂ ನೌಕರ ಒಬ್ಬನೇ ಇದ್ದ.

ಸಂಜೆ ಆದೇಶದ ಕಾಗದ ಜೇಬಿನಲ್ಲಿಟ್ಟುಕೊಂಡು ಗುಮಾಸ್ತ ಮನೆಗೆ ಬಂದಾಗ ಸಾಲು ನಿನ್ನೆಗಿಂತ ಉದ್ದವಾಗಿತ್ತು. ಟೈಲರ್ ಅಂಗಡಿ ದಾಟಿ ತಿರುವಿನವರೆಗೆ. ಸಾಲು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ವರಾಂಡದಲ್ಲಿ ಮಾವ ಟ್ಯಾಬ್ಲೆಟನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡುತ್ತಿದ್ದರು. ನಮಸ್ಕಾರ ಇಲ್ಲ, ನೀಲಿ ಬಟನ್ ಇಲ್ಲ. ಹೆಸರು ಏನು, ಪಾಸ್‌ವರ್ಡ್ ಏನು ಎಂದು ಕೇಳುತ್ತಿತ್ತು.

"ಏನಿದು? ಬೆಳಿಗ್ಗೆ ಅಷ್ಟು ಮಾತಾಡಿಸಿ ಈಗ ನಾನು ಯಾರು ಅಂತ ಕೇಳ್ತಿದ್ದಾರೆ."

ಸಾಲಿನವರೆಲ್ಲ ಗುಮಾಸ್ತನ ಕಡೆ ತಿರುಗಿದರು. ಹೆಂಡತಿ ಮೆಟ್ಟಿಲ ಮೇಲೆ ನಿಂತು, ಇವನು ಏನು ಹೇಳುತ್ತಾನೋ ಎಂದು ನೋಡುತ್ತಿದ್ದಳು. ಗುಮಾಸ್ತ ಜೇಬಿನ ಕಾಗದದ ಮೇಲೆ ಕೈಯಿಟ್ಟುಕೊಂಡ. ಆ ವ್ಯವಸ್ಥೆ ನಿಂತಿದೆ ಮಾವ, ಇನ್ನು ಮೇಲೆ ಸಲಹೆಗಳನ್ನು ಕಚೇರಿಗೇ ಬಂದು ಬರೆದು ಕೊಡಬೇಕು ಎಂದ.

"ಕೊಡೋಣ. ಯಾರ ಹತ್ತಿರ ಕೊಡಬೇಕು?"

"ನನ್ನ ಹತ್ತಿರ. ಇವತ್ತಿಂದ ಅದು ನನ್ನ ಕೆಲಸ. ಖಾಯಂ."

ಮಾವ ಕನ್ನಡಕ ತೆಗೆದು ಮಡಚಿದರು. ನೋಟ್‌ಬುಕ್ ಮುಚ್ಚಿದರು. ಆಮೇಲೆ ಎದ್ದು ನಿಂತು, ಸಾಲಿನ ಕಟ್ಟಕಡೆಯವನಿಗೂ ಕೇಳಿಸುವಂತೆ ಹೇಳಿದರು:

"ಇನ್ನು ಕೆಲಸ ಆದ ಹಾಗೇ. ಎಲ್ಲರೂ ಮನೆಗೆ ಹೋಗಿ."